ಪಿತ್ತಾಮ್ಲವೂ ಕ್ಯಾನ್ಸರ್ ಕೋಶಗಳ ದಾಳಿಯೂ

ಕ್ಯಾನ್ಸರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಡ್ಡೆ. ಆದರೆ ಗಡ್ಡೆ ಹುಟ್ಟಿದ ಜಾಗದಲ್ಲೇ ಉಳಿದರೆ ಶಸ್ತ್ರಚಿಕಿತ್ಸಕರು ಅದನ್ನು ತೆಗೆದುಹಾಕಬಲ್ಲರು. ಅದರ ಕೋಶಗಳು ಗದ್ದೆಯ ಬದು ಒಡೆದ ನೀರಿನಂತೆ ಪಕ್ಕದ ಅಂಗಾಂಶಕ್ಕೆ ನುಗ್ಗಿ, ರಕ್ತನಾಳ ಹಿಡಿದು ದೂರದ ಅಂಗಗಳನ್ನು ಸೇರಿದರೆ ಜೀವಕ್ಕೆ ಕುತ್ತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಈ ನುಗ್ಗುವಿಕೆಗೆ ಕುಮ್ಮಕ್ಕು ಕೊಡುವ ವಸ್ತುಗಳಲ್ಲಿ ನಮ್ಮ ದೇಹವೇ ತಯಾರಿಸುವ ಪಿತ್ತಾಮ್ಲಗಳೂ ಸೇರಿವೆ. ಅವುಗಳ ಮೇಲೆ ಊಟದ ತಟ್ಟೆಗೆ ಒಂದಿಷ್ಟು ಹಿಡಿತವಿದೆ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಯಕೃತ್ತು ಕೊಲೆಸ್ಟರಾಲಿನಿಂದ ದಿನಕ್ಕೆ ಸುಮಾರು ಅರ್ಧ ಗ್ರಾಂ ಪಿತ್ತಾಮ್ಲವನ್ನು ಹೊಸದಾಗಿ ತಯಾರಿಸುತ್ತದೆ. ಕೊಬ್ಬನ್ನು ಜೀರ್ಣಿಸುವ ಕೆಲಸ ಮುಗಿದ ಮೇಲೆ ಶೇ. 95ರಷ್ಟು ಪಿತ್ತಾಮ್ಲ ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಡಿಯಾಕ್ಸಿಕೋಲಿಕ್ ಮತ್ತು ಲಿಥೋಕೋಲಿಕ್ ಆಮ್ಲಗಳಾಗಿ ಮಾರ್ಪಡಿಸುತ್ತವೆ. ತಂಟೆ ಶುರುವಾಗುವುದು ಇಲ್ಲಿಂದ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾನ್ಸರ್ ಆಗುವ ಮುಂಚಿನ ಹಂತದ ಕೋಶಗಳು ನುಗ್ಗದಿದ್ದರೂ, ಕರುಳಿನ ಕ್ಯಾನ್ಸರ್ ಕೋಶಗಳು ಪಿತ್ತಾಮ್ಲ ಸೋಕಿದಾಗ ಕೊಲಾಜೆನ್ ಪದರದೊಳಕ್ಕೆ ನುಗ್ಗಿದವು. ಕೋಶದ ಚಲನೆಯನ್ನು ನಿಯಂತ್ರಿಸುವ ಪ್ರೋಟೀನುಗಳು ಪಿತ್ತಾಮ್ಲದಿಂದ ಚುರುಕಾಗಿದ್ದವು.

ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯನ ಹೊಟ್ಟೆಯಲ್ಲೂ ನಡೆಯುತ್ತದೆಯೇ? ಆಕ್ಷೇಪ ನ್ಯಾಯವಾದದ್ದೇ. ಆದರೆ ಮನುಷ್ಯರ ಮೇಲೆಯೇ ನಡೆದ ಅಧ್ಯಯನವೊಂದಿದೆ. 2015ರಲ್ಲಿ ಪ್ರಕಟವಾದ ಅದರಲ್ಲಿ 20 ಆಫ್ರಿಕನ್ ಅಮೆರಿಕನ್ನರೂ ದಕ್ಷಿಣ ಆಫ್ರಿಕಾದ 20 ಹಳ್ಳಿಗರೂ ಎರಡು ವಾರ ಊಟವನ್ನು ಅದಲುಬದಲು ಮಾಡಿಕೊಂಡರು. ನಾರು ಹೆಚ್ಚು, ಕೊಬ್ಬು ಕಡಿಮೆ ಇರುವ ಊಟಕ್ಕೆ ಬಂದವರಲ್ಲಿ ಬ್ಯಾಕ್ಟೀರಿಯಾಗಳು ತಯಾರಿಸುವ ಪಿತ್ತಾಮ್ಲ ಇಳಿಯಿತು. ಕೊಬ್ಬಿನ ಊಟಕ್ಕೆ ಹೋದ ಹಳ್ಳಿಗರಲ್ಲಿ ಏರಿತು. ಎರಡು ವಾರದಲ್ಲಿ ಕ್ಯಾನ್ಸರ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕರುಳಿನೊಳಗಿನ ರಾಸಾಯನಿಕ ಪರಿಸರ ಅಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಮಂಡ್ಯ ಜಿಲ್ಲೆಗೆ ಊಟದ ಈ ಮಾತು ತೀರ ಹತ್ತಿರದ್ದು. ನಾಲೆ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಭತ್ತ, ಕಬ್ಬು. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ನಾರು ಒಂದಿಷ್ಟು ಪಿತ್ತಾಮ್ಲವನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹಾಗೆಂದು ಮುದ್ದೆ ಉಂಡವರಿಗೆ ಕ್ಯಾನ್ಸರ್ ಬಾರದು ಎನ್ನಲಾಗದು. ವಂಶವಾಹಿ, ವಯಸ್ಸು, ತಂಬಾಕು, ಮದ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಮುದ್ದೆ, ಹುರುಳಿಸಾರು, ಸೊಪ್ಪು ಬಿಟ್ಟು ಕರಿದ ತಿಂಡಿಗೆ ಜೋತುಬೀಳುವುದು ಆ ಹಳ್ಳಿಗರು ಎರಡು ವಾರ ನಡೆದ ದಾರಿಯಲ್ಲೇ ವರ್ಷಗಟ್ಟಲೆ ನಡೆದಂತೆ.

ಪಿತ್ತಾಮ್ಲವನ್ನು ಮಾತ್ರೆಯಿಂದ ಹದಕ್ಕೆ ತರಬಾರದೇಕೆ ಎಂದು ಕೇಳಬಹುದು. ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳಿನ ಗಂಟುಗಳನ್ನು ತೆಗೆಸಿಕೊಂಡಿದ್ದ 1,285 ಮಂದಿಯನ್ನು ಒಳಗೊಂಡ ಅಮೆರಿಕದ ಪ್ರಯೋಗದಲ್ಲಿ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲವೆಂಬ ಮಾತ್ರೆ ಕೊಟ್ಟು ನೋಡಿದರು. ಗಂಟು ಮರುಕಳಿಸುವುದು ಗಣನೀಯವಾಗಿ ತಗ್ಗಲಿಲ್ಲ ಎಂದು 2005ರಲ್ಲಿ ವರದಿಯಾಯಿತು. ಪಿತ್ತ ತೊಳೆಯುವ ಕಷಾಯ, ಪುಡಿಗಳ ಜಾಹೀರಾತಿಗೆ ಮರುಳಾಗದಿರಲು ಇದಿಷ್ಟೇ ಸಾಕು. ಕೋಶಗಳು ಎಲ್ಲೆ ದಾಟುವ ಮುನ್ನ ಗಂಟನ್ನು ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಯಲ್ಲಿ ಕತ್ತರಿಸಿ ತೆಗೆಯುವುದೇ ಇಂದಿಗೂ ನೆಚ್ಚಬಹುದಾದ ಉಪಾಯ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧಿಯಲ್ಲಿ ತಿಂಗಳುಗಟ್ಟಲೆ ಕಳೆಯದೆ, ಮಂಡ್ಯದ ಅಥವಾ ಬಿ.ಜಿ. ನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ನಾರಿನ ಊಟ ಕೋಶಗಳಿಗೆ ಸಿಗುವ ಕುಮ್ಮಕ್ಕನ್ನು ತಗ್ಗಿಸೀತು. ಗಂಟು ಈಗಾಗಲೇ ಬೆಳೆದಿದ್ದರೆ ಅದನ್ನು ತೆಗೆಯಬೇಕಾದವರು ವೈದ್ಯರೇ.