ಮೂರು ಹೊಳೆಗಳ ದಾರಿ

ಊರಿಗೆ ಹೋಗುವುದೆಂದರೆ ಮುಂಬಯಿಯ ನಮಗೆಲ್ಲ ಬಹುಮಟ್ಟಿಗೆ ಒಂದೇ ದಾರಿ. ಕೊಂಕಣ ರೈಲು ಹತ್ತುವುದು, ಸುರಂಗಗಳನ್ನು ಎಣಿಸುತ್ತ ನಿದ್ದೆ ಹೋಗುವುದು, ಕಣ್ಣು ಬಿಡುವಷ್ಟರಲ್ಲಿ ಭಟ್ಕಳವೋ ಕುಂದಾಪುರವೋ ಬಂದಿರುವುದು. ನಮ್ಮ ಸಂಘದಲ್ಲಿ ಕರಾವಳಿಯವರೇ ಹೆಚ್ಚಾದ್ದರಿಂದ ಇದು ಸಹಜ. ಆದರೆ ಘಟ್ಟದ ಮೇಲಿನ ಸಾಗರ ಸೀಮೆಯವಳಾದ ನಾನೂ ವರ್ಷಾನುಗಟ್ಟಲೆ ಇದೇ ರೈಲಿನಲ್ಲಿ ಹೋಗಿ, ಹೊನ್ನಾವರದಲ್ಲಿ ಇಳಿದು, ಬಸ್ಸಿನಲ್ಲಿ ಘಟ್ಟ ಹತ್ತಿ ತವರು ಸೇರುತ್ತಿದ್ದೆ. ಬಸ್ಸು ಕತ್ತಲೆಕಾನನ್ನು ಹಾದುಹೋಗುವಾಗ ನಾನು ಸಾಮಾನ್ಯವಾಗಿ ತೂಕಡಿಸುತ್ತಿದ್ದೆ. ಇಂಗ್ಲಿಷ್ ಬಿ.ಎ. ಓದಿದ ನನಗೆ ವರ್ಡ್ಸ್‌ವರ್ತ್ ಕವಿಯ ಡ್ಯಾಫೋಡಿಲ್ ಹೂವು ಗೊತ್ತಿತ್ತು. ಕೆಸರಿನಿಂದ ಮೇಲೆ ಮೊಣಕಾಲಿನಂತೆ ಬೇರು ಎತ್ತಿ ನಿಲ್ಲುವ ಜಡ್ಡಿಯ ಮರಗಳು ಆ ಕಾನಿನಲ್ಲಿವೆ ಎಂದು ಗೊತ್ತಿರಲಿಲ್ಲ.

ಅಂದಹಾಗೆ, ಕಾನು ಎಂದರೆ ಬರಿಯ ಕಾಡಲ್ಲ. ವರ್ಷವಿಡೀ ಎಲೆ ಉದುರದೆ, ಬಿಸಿಲನ್ನು ನೆಲಕ್ಕೆ ಬಿಡದೆ ದಟ್ಟವಾಗಿರುವ ಕಾಡಿಗೆ ಮಲೆನಾಡಿನವರು ಇಟ್ಟ ಹೆಸರು ಅದು. ನೀವು ಶಾಲೆಯಲ್ಲಿ ಓದಿದ ಮಳೆಕಾಡು ಇದೇ.

2025ರ ದಸರಾ ರಜೆಯಲ್ಲಿ ಮಗಳು ಹಟ ಹಿಡಿದಳು. ಅವಳಿಗೀಗ 24 ವರ್ಷ. "ಅಮ್ಮ, ಈ ಸಲ ಕಾರಿನಲ್ಲಿ ಒಳದಾರಿಯಿಂದ ಹೋಗೋಣ. ಕಾಡು, ಜಲಪಾತ ಎಲ್ಲ ನೋಡೋಣ. ನಾನೇ ಓಡಿಸ್ತೀನಿ." ನಮ್ಮ ಯಜಮಾನರು ಅರ್ಧ ಮನಸ್ಸಿನಿಂದ ಒಪ್ಪಿದರು. ಪುಣೆ, ಕೊಲ್ಲಾಪುರ, ಬೆಳಗಾವಿ ಹಾದು ಮೊದಲ ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿದೆವು. ಅಲ್ಲಿಯವರೆಗಿನದು ಹೆದ್ದಾರಿ, ಹೇಳುವಂಥದ್ದೇನೂ ಇಲ್ಲ.

ನಿಜವಾದ ದಾರಿ ಶುರುವಾಗುವುದು ಮರುದಿನ. ಹುಬ್ಬಳ್ಳಿಯ ಕಪ್ಪು ಮಣ್ಣಿನ ಬಯಲು ಕಲಘಟಗಿಯ ಆಚೆ ಮೆಲ್ಲನೆ ಮುಗಿದು ಸಾಗವಾನಿಯ ಕಾಡು ಬರುತ್ತದೆ. ಯಲ್ಲಾಪುರ ದಾಟಿದ ಮೇಲೆ ಹಸಿರಿನ ಬಣ್ಣವೇ ಬೇರೆ. ಕಿಟಕಿ ಇಳಿಸಿದರೆ ಜೀರುಂಡೆಗಳ ಸದ್ದು ಕಾರಿನ ಸದ್ದನ್ನು ಮೀರಿಸುತ್ತದೆ. ಈ ದಾರಿಯಲ್ಲಿ ನಮಗೆ ಒಂದರ ಹಿಂದೆ ಒಂದು ಮೂರು ಹೊಳೆಗಳು ಸಿಕ್ಕಿದವು: ಬೇಡ್ತಿ, ಅಘನಾಶಿನಿ, ಶರಾವತಿ. ಮೂರೂ ಪಶ್ಚಿಮಕ್ಕೆ ಹರಿದು, ಘಟ್ಟದ ಅಂಚಿನಲ್ಲಿ ಧುಮುಕಿ ಅರಬ್ಬಿ ಸಮುದ್ರ ಸೇರುತ್ತವೆ. ಆದರೆ ಮೂರರ ಹಣೆಬರಹ ಒಂದೇ ಅಲ್ಲ.

ಬೇಡ್ತಿ ಧುಮುಕುವುದು ಮಾಗೋಡಿನಲ್ಲಿ, ಎರಡು ಹಂತದಲ್ಲಿ. ಯಲ್ಲಾಪುರದಿಂದ ಸುಮಾರು 20 ಕಿಲೋಮೀಟರ್. ನಾವು ಹೋದಾಗ ಮಂಜು ಮುಸುಕಿತ್ತು. ಅರ್ಧ ಗಂಟೆ ಕಾದ ಮೇಲೆ ಪರದೆ ಸರಿದಂತೆ ಐದು ನಿಮಿಷ ದರ್ಶನ ಕೊಟ್ಟು ಮತ್ತೆ ಮರೆಯಾಯಿತು. ಈ ಹೊಳೆಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆಯನ್ನು 1980ರ ಆಸುಪಾಸಿನಲ್ಲಿ ಇಲ್ಲಿಯ ಅಡಿಕೆ ಬೆಳೆಗಾರರು ವಿರೋಧಿಸಿ ನಿಲ್ಲಿಸಿದರು. ಈಗ ಇದೇ ನೀರನ್ನು ವರದಾ ನದಿಗೆ ಒಯ್ಯುವ ಮಾತು ನಡೆದಿದೆ, ವಿರೋಧವೂ ನಡೆದಿದೆ.

ಮುಂದೆ ಶಿರಸಿ. ಈ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್ 8ರಂದು ಊರಿನ ಗಂಡಸರು ಹೆಂಗಸರು ಕಾಡಿಗೆ ನಡೆದು, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಹಿಮಾಲಯದ ಚಿಪ್ಕೋ ಕುರಿತು ಮುಂಬಯಿ ಶಾಲೆಯಲ್ಲಿ ಓದಿದ್ದ ಮಗಳು ಅಪ್ಪಿಕೋ ಹೆಸರು ಕೇಳಿರಲಿಲ್ಲ. ತಪ್ಪು ಅವಳದಲ್ಲ, ಹೇಳದ ನಮ್ಮದು.

ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಕಡಲು ಸೇರುವವರೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲದ ಅಪರೂಪದ ಹೊಳೆ. ಹೆಗ್ಗರಣೆಯ ಬಳಿ ಅದು 116 ಮೀಟರ್ ಎತ್ತರದಿಂದ ಬೀಳುತ್ತದೆ. ಹೆಸರು ಉಂಚಳ್ಳಿ ಜಲಪಾತ. ಲಷಿಂಗ್‌ಟನ್ ಎಂಬ ಬ್ರಿಟಿಷ್ ಅಧಿಕಾರಿ 1845ರಲ್ಲಿ ನೋಡಿದನೆಂದು ಅವನ ಹೆಸರೂ ಅಂಟಿಕೊಂಡಿದೆ. ಊರವರು ಮಾತ್ರ ಕೆಪ್ಪಜೋಗ ಅನ್ನುತ್ತಾರೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು! ಮೆಟ್ಟಿಲಿಳಿದು ನಿಂತಾಗ ಯಜಮಾನರು ಏನೋ ಕೂಗಿ ಹೇಳಿದರು, ನನಗೆ ಬಾಯಿ ಆಡಿದ್ದಷ್ಟೇ ಕಂಡಿತು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ನೆಮ್ಮದಿ ಸಿಕ್ಕಿದ್ದು ಕಡಿಮೆ. ಕಣಿವೆಯ ತುಂಬ ಕಾನು. ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದು ಈ ಕಣಿವೆಯಲ್ಲೇ. ಸಿಂಗಳೀಕ ನಮಗೆ ಕಾಣಲಿಲ್ಲ. ಉಂಬಳ ಧಾರಾಳವಾಗಿ ಕಂಡವು. ಸುಣ್ಣ, ಹೊಗೆಸೊಪ್ಪು ಇಲ್ಲವೇ ಉಪ್ಪು ಜೊತೆಗಿರಲಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ.

ಆ ರಾತ್ರಿ ಸಿದ್ದಾಪುರ, ತಾಳಗುಪ್ಪದ ಮೇಲೆ ಸಾಗರದ ಬಳಿಯ ತವರು ಸೇರಿದೆವು. ಅಣ್ಣನ ಮನೆಯಲ್ಲಿ ಬಿಸಿ ಅನ್ನ, ಒಂದೆಲಗದ ತಂಬುಳಿ, ಮೇಲೆ ತೊಡೆದೇವು. ಊಟದ ಹೊತ್ತಿಗೆ ಮಗಳು ಅಜ್ಜಿಯನ್ನು ಕೇಳಿದಳು, "ಅಜ್ಜಿ, ನಾಳೆ ಜೋಗಕ್ಕೆ ನೀವೂ ಬನ್ನಿ." ನಾನು ಕಣ್ಸನ್ನೆ ಮಾಡಿದೆ. ನನ್ನ ಅಮ್ಮನಿಗೆ 77. ಮೂವತ್ತು ಕಿಲೋಮೀಟರ್ ದೂರದ ಜೋಗಕ್ಕೆ ಅವಳು ಮದುವೆಯಾದ ಮೇಲೆ ಹೋದವಳೇ ಅಲ್ಲ.

ಕಾರಣ ನಮಗೆ ಗೊತ್ತಿತ್ತು, ಮಾತಾಡುತ್ತಿರಲಿಲ್ಲ. ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲು, ಅವಳ 14ನೆಯ ವಯಸ್ಸಿನಲ್ಲಿ, ಅವಳ ತವರೂರು ಖಾಲಿಯಾಯಿತು. ಮನೆಯ ತೊಲೆ, ಬಾಗಿಲು, ದೇವರ ಪೆಟ್ಟಿಗೆ ಎತ್ತಿನಗಾಡಿಯಲ್ಲಿ ಹೊರಟವು. ಫಲ ಬಿಡುತ್ತಿದ್ದ ತೋಟವನ್ನು ಗಾಡಿಯಲ್ಲಿ ತರಲಾಗುವುದಿಲ್ಲವಲ್ಲ. ಹಾಗೆ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಇಂದಿಗೂ ಮುಗಿದಿಲ್ಲ. ಆ ನೀರಿನಿಂದ ಶರಾವತಿಯ ದೊಡ್ಡ ವಿದ್ಯುದಾಗಾರದಲ್ಲಿ 10 ಯಂತ್ರಗಳು ತಿರುಗುತ್ತವೆ, ಒಟ್ಟು 1035 ಮೆಗಾವ್ಯಾಟ್. ಬೆಂಗಳೂರು ಬೆಳಗಿದ್ದು ಅದರಿಂದಲೂ ಹೌದು. ನಾವು ಮುಂಬಯಿಯವರೇನೂ ಬೀಗಬೇಕಾಗಿಲ್ಲ. ತಾನ್ಸಾ, ವೈತರಣಾ, ಭಾತ್ಸಾ ಎಂದು ನಾವು ಕುಡಿಯುವ ನೀರೂ ಇದೇ ಸಹ್ಯಾದ್ರಿಯ ಕಣಿವೆಗಳಿಗೆ ಅಡ್ಡ ಕಟ್ಟಿ ತಂದದ್ದು.

"ಅಲ್ಲಿ ನೋಡೋದೇನಿದೆ ಕೂಸೇ, ನಮ್ಮ ಮನೆ ಮೇಲೆ ಹಾದು ಬಂದ ನೀರು" ಅಂದಳು ಅಮ್ಮ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಜಗುಲಿಯಲ್ಲಿ ಕೂತಿದ್ದಳು.

ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. 253 ಮೀಟರ್ ಕೆಳಗೆ ನೀರು ಹೊಗೆಯಾಗಿ ಏಳುತ್ತಿತ್ತು. ಮಗಳು ಚಿತ್ರ ತೆಗೆಯುತ್ತಿದ್ದಳು. ಅಮ್ಮ ಸ್ವಲ್ಪ ಹೊತ್ತು ನೋಡಿ, "ನಾವು ಸಣ್ಣವರಿದ್ದಾಗ ಬೇಸಿಗೆಯಲ್ಲೂ ಇದಕ್ಕಿಂತ ಜೋರಿತ್ತು" ಎಂದು ತಿರುಗಿ ಕಾರಿನ ಕಡೆ ನಡೆದಳು. ನಿಜವೋ, ನೆನಪಿನ ಹೊಳೆಯೋ, ನಾನು ಕೇಳಲಿಲ್ಲ.

ಆಮೇಲೆ ಅವಳೇ ಹೇಳಿದಳು, "ಹೊಸ ಸೇತುವೆ ಆಗಿದೆಯಂತಲ್ಲ, ಅಲ್ಲಿಗೆ ಹೋಗುವ." ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಕಟ್ಟಿದ ಸುಮಾರು 2.4 ಕಿಲೋಮೀಟರಿನ ಈ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಮುಳುಗಡೆಯಿಂದ ದ್ವೀಪದಂತಾಗಿದ್ದ ಆಚೆ ದಡದವರಿಗೆ ಅಲ್ಲಿಯವರೆಗೆ ಲಾಂಚೇ ಗತಿ. ಹೆರಿಗೆಯೋ ಹಾವಿನ ಕಡಿತವೋ, ಲಾಂಚಿಗೆ ಕಾಯಬೇಕಿತ್ತು. ವಿದ್ಯುತ್ತಿಗೆ ಊರು ಕೊಟ್ಟವರಿಗೆ ಒಂದು ಸೇತುವೆ ಸಿಗಲು ಅರವತ್ತು ವರ್ಷ ಬೇಕಾಯಿತು.

ಸೇತುವೆಯ ಮೇಲೆ ಮಗಳು ನಿಧಾನವಾಗಿ ಓಡಿಸಿದಳು. ಅಮ್ಮ ಗಾಜಿಗೆ ಹಣೆ ತಾಗಿಸಿ ಕೂತಿದ್ದಳು. ನೀರು ಕನ್ನಡಿಯಂತಿತ್ತು, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿದ್ದವು. "ಆ ಗುಡ್ಡದ ಆಚೆ ಕೆಳಗೆ" ಎಂದು ಒಂದು ಕಡೆ ಕೈ ತೋರಿಸಿದಳು. ಸ್ವಲ್ಪ ಮುಂದೆ, "ಅಲ್ಲ, ಅದಲ್ಲ" ಅಂದಳು. ಮತ್ತೆ ತೋರಿಸಲಿಲ್ಲ.

ಸಂಜೆ ಅಣ್ಣನ ಮನೆಯ ಹೊಸ್ತಿಲಲ್ಲಿ ಮಗಳು ನಿಂತುಬಿಟ್ಟಳು. ಅಜ್ಜ ಅಜ್ಜಿಯ ಕಾಲಕ್ಕೆ ಆ ಗಾಡಿಯಲ್ಲಿ ಬಂದ ಬಾಗಿಲುವಾಡ ಅದೇ. ಪ್ರತಿ ರಜೆಯಲ್ಲೂ ಅದರಡಿಯೇ ತಲೆ ಬಗ್ಗಿಸಿ ಒಳಹೊಕ್ಕವಳು, ಮೇಲೆ ಕೆತ್ತಿದ ಗಿಳಿಗಳನ್ನು ಅಂದು ಬೆರಳಿಂದ ಮುಟ್ಟಿ ನೋಡಿದಳು.

ಮಳೆ ಕಡಿಮೆಯಾದ ವರ್ಷ, ಬೇಸಿಗೆಯ ಕೊನೆಗೆ, ಹಿನ್ನೀರು ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಲಿಂಗನಮಕ್ಕಿಯಲ್ಲಿ ಮುಳುಗಿಹೋದ ಹಳೆಯ ಅಣೆಕಟ್ಟು ಅದು. ಚಿಕ್ಕವಳಿದ್ದಾಗ ಅಪ್ಪನ ಕೈಹಿಡಿದು ಅದನ್ನು ನೋಡಲು ಹೋಗಿದ್ದೆನೆಂದು ಅಮ್ಮ ಹೇಳಿದ್ದಾಳೆ. ಮೇ ತಿಂಗಳಿಗೆ ಮಗಳು ಕಚೇರಿಯಲ್ಲಿ ಈಗಲೇ ರಜೆ ಹೇಳಿಟ್ಟಿದ್ದಾಳೆ.