ಗೇರ್ ಹೆಚ್ಚಿದ್ದರೆ ವೇಗವೂ ಹೆಚ್ಚೇ? ಕಬ್ಬಿನ ಟ್ರ್ಯಾಕ್ಟರ್ ಮತ್ತು ರೇಸ್ ಕಾರು ಹೇಳುವ ಸತ್ಯ

ಕಬ್ಬು ಅರೆಯುವ ಕಾಲದಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ರಸ್ತೆಗಳಲ್ಲಿ ಕಾರು ಓಡಿಸಿದವರಿಗೆ ಇದು ಗೊತ್ತು. ಮುಂದೆ ಕಬ್ಬಿನ ಲೋಡಿನ ಟ್ರ್ಯಾಕ್ಟರ್ ಸಿಕ್ಕಿತೆಂದರೆ ಅದರ ಹಿಂದೆಯೇ ತೆವಳಬೇಕು. ಆ ಟ್ರ್ಯಾಕ್ಟರಿಗೆ ಎಷ್ಟು ಗೇರ್ ಇರುತ್ತವೆ ಎಂದು ಯಾವತ್ತಾದರೂ ಕೇಳಿದ್ದೀರಾ? ಸಾಮಾನ್ಯವಾಗಿ ಮುಂದಕ್ಕೆ ಎಂಟು, ಹಿಂದಕ್ಕೆ ಎರಡು. ನಿಮ್ಮ ಕಾರಿಗೆ ಐದೇ ಇರಬಹುದು. ಆದರೂ ಟ್ರ್ಯಾಕ್ಟರಿನ ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಹಾಗಾದರೆ "ಇದು ಆರು ಗೇರಿನ ಗಾಡಿ, ಸ್ಪೀಡು ಜಾಸ್ತಿ" ಎನ್ನುವ ಮಾತು ನಿಜವೇ?

ಗೇರ್ ಮಾಡುವ ಕೆಲಸವೇನು?

ಗೇರ್ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಕೊಟ್ಟ ಶಕ್ತಿಯನ್ನು ಎಳೆತಕ್ಕೆ ಬಳಸಬೇಕೋ ವೇಗಕ್ಕೆ ಬಳಸಬೇಕೋ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಹಾರೆಯಿಂದ ಕಲ್ಲು ಮೀಟುವಾಗ ನಿಮ್ಮ ಕೈ ಒಂದು ಅಡಿ ಚಲಿಸಿದರೆ ಕಲ್ಲು ಒಂದೆರಡು ಇಂಚು ಮಾತ್ರ ಏಳುತ್ತದೆ, ಆದರೆ ಭಾರವಾದ ಕಲ್ಲೂ ಏಳುತ್ತದೆ. ಚಿಕ್ಕ ಗೇರ್ ಮಾಡುವುದೂ ಇದನ್ನೇ.

ಮಾರುತಿ ಆಲ್ಟೊ 800 ಕಾರಿನ ಎಂಜಿನ್ 48 ಅಶ್ವಶಕ್ತಿಯ ಆಸುಪಾಸಿನದು. ನಮ್ಮ ಹೊಲಗಳಲ್ಲಿ ಓಡಾಡುವ ಅನೇಕ ಟ್ರ್ಯಾಕ್ಟರುಗಳದ್ದೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಒಂದು ಹೆದ್ದಾರಿಯಲ್ಲಿ 100 ದಾಟಿ ಓಡುತ್ತದೆ, ಇನ್ನೊಂದು ಟನ್‌ಗಟ್ಟಲೆ ಕಬ್ಬು ಎಳೆಯುತ್ತದೆ. ಈ ವ್ಯತ್ಯಾಸದ ದೊಡ್ಡ ಪಾಲು ಗೇರುಗಳ ಅನುಪಾತದಲ್ಲಿದೆ, ಸಂಖ್ಯೆಯಲ್ಲಲ್ಲ.

ವೇಗಕ್ಕೆ ಕಡಿವಾಣ ಹಾಕುವುದು ಗಾಳಿ

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಿ ಅದೇ ವೇಗದಲ್ಲಿ ಸಾಗಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಎಂಜಿನ್ನಿನ ಪೂರ್ತಿ ಶಕ್ತಿ ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುವ ಹಂತ ಬಂದಾಗ, ಇನ್ನೊಂದು ಗೇರ್ ಸೇರಿಸಿದರೂ ಗಾಡಿ ಮುಂದಕ್ಕೆ ಜಿಗಿಯುವುದಿಲ್ಲ.

ಒಂದು ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ. ಟಾಪ್ ಗೇರ್ 1:1, ಹಿಂದಿನ ಕ್ರೌನ್ ಪಿನಿಯನ್ 3:1. ಅಂದರೆ ಚಕ್ರ 2,000 ಸುತ್ತು ತಿರುಗುತ್ತದೆ. ಚಕ್ರದ ವ್ಯಾಸ 65 ಸೆಂ.ಮೀ. ಇದ್ದರೆ ವೇಗ ಗಂಟೆಗೆ ಸುಮಾರು 245 ಕಿ.ಮೀ. ಇದಕ್ಕೆ 0.7 ಅನುಪಾತದ ಐದನೇ ಗೇರ್ ಸೇರಿಸಿದರೆ ಕಾಗದದ ಮೇಲೆ 350 ಬರುತ್ತದೆ. ಆದರೆ 245ಕ್ಕೇ ಎಂಜಿನ್ನಿನ ಶಕ್ತಿ ಮುಗಿದಿದ್ದರೆ, ಐದನೇ ಗೇರಿಗೆ ಹಾಕಿದ ಕೂಡಲೇ ಎಂಜಿನ್ ಸುತ್ತು ಇಳಿದು ಕಾರು ಇನ್ನೂ ನಿಧಾನವಾಗುತ್ತದೆ. ಹೆದ್ದಾರಿಯ ಕಾರುಗಳಲ್ಲಿ ಆ ಗೇರ್ ಇರುವುದು ಇಂಧನ ಉಳಿಸಲು.

ದಾಖಲೆಯ ಕಾರಿಗೆ ಎಂಥ ಗೇರ್‌ಬಾಕ್ಸ್?

ಅಮೆರಿಕದ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ನೇರ ದಾರಿಯ ಮೇಲೆ ವೇಗದ ದಾಖಲೆಗಾಗಿಯೇ ಕಾರು ಓಡಿಸುತ್ತಾರೆ. ಇಂಥ ಕಾರಿಗೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆರಿಸುವಾಗ ಎಷ್ಟು ಗೇರ್ ಎನ್ನುವುದು ಮೊದಲ ಪ್ರಶ್ನೆಯಲ್ಲ. ನೋಡುವುದು ಇವನ್ನು:

ಮೊದಲನೆಯದು, ಟಾಪ್ ಗೇರ್ 1:1 ಆಗಿರುವುದು. ಹಿಂದಿನ ಚಕ್ರ ತಿರುಗಿಸುವ ಸಾಂಪ್ರದಾಯಿಕ ಗೇರ್‌ಬಾಕ್ಸಿನಲ್ಲಿ ಆಗ ಒಳಬರುವ ಶಾಫ್ಟ್ ಮತ್ತು ಹೊರಹೋಗುವ ಶಾಫ್ಟ್ ನೇರವಾಗಿ ಜೋಡಣೆಯಾಗುತ್ತವೆ. ಶಕ್ತಿ ಹಲ್ಲಿನ ಚಕ್ರಗಳನ್ನು ದಾಟಿ ಬರಬೇಕಿಲ್ಲ, ಹಾಗಾಗಿ ನಷ್ಟವೂ ಬಿಸಿಯೂ ಕಡಿಮೆ. ಬೇಕಾದ ವೇಗವನ್ನು ಕ್ರೌನ್ ಪಿನಿಯನ್ ಬದಲಿಸಿ ಹೊಂದಿಸಿಕೊಳ್ಳಬಹುದು.

ಎರಡನೆಯದು, ಕೊನೆಯ ಎರಡು ಗೇರುಗಳು ಹತ್ತಿರ ಇರುವುದು. ಮೂರನೆಯದು 1.5 ಇದ್ದರೆ, ಟಾಪಿಗೆ ಹಾಕಿದಾಗ 7,000 ಸುತ್ತು 4,667ಕ್ಕೆ ಬೀಳುತ್ತದೆ. 1.3 ಇದ್ದರೆ 5,385ಕ್ಕೆ ನಿಲ್ಲುತ್ತದೆ. ಹೆಚ್ಚು ಬಿದ್ದರೆ, ಗಾಳಿಯ ತಡೆಯನ್ನು ಮೀರಿ ಮತ್ತೆ ವೇಗ ಏರಿಸಲು ಎಂಜಿನ್ನಿಗೆ ತ್ರಾಣ ಸಾಲುವುದಿಲ್ಲ.

ಮೂರನೆಯದು, ಗಟ್ಟಿತನ. ಮೊದಲ ಗೇರಿನ ಪಿಕಪ್ ಬಗ್ಗೆ ಅಷ್ಟು ಚಿಂತೆಯಿಲ್ಲ, ಏಕೆಂದರೆ ಅಲ್ಲಿ ಅನೇಕ ಕಾರುಗಳನ್ನು ಇನ್ನೊಂದು ವಾಹನದಿಂದ ತಳ್ಳಿಸಿಯೇ ಓಟ ಶುರುಮಾಡುತ್ತಾರೆ.

ಇದೇ ಬಯಲಿನಲ್ಲಿ 1967ರಲ್ಲಿ ನ್ಯೂಜಿಲೆಂಡಿನ ಬರ್ಟ್ ಮನ್ರೋ ಗಂಟೆಗೆ ಸುಮಾರು 295 ಕಿ.ಮೀ. ವೇಗದ ದಾಖಲೆ ಮಾಡಿದರು. ಅವರು ಬದಲಾಯಿಸುತ್ತಾ ಬಂದಿದ್ದ ಆ ಬೈಕು 1920ರ ಇಂಡಿಯನ್ ಸ್ಕೌಟ್, ಮೂರು ಗೇರಿನ ಮಾದರಿ. 1997ರಲ್ಲಿ ಗಂಟೆಗೆ 1,228 ಕಿ.ಮೀ. ಓಡಿದ ಥ್ರಸ್ಟ್ ಎಸ್‌ಎಸ್‌ಸಿ ಕಾರಿನ ಚಕ್ರಗಳಿಗಂತೂ ಗೇರೇ ಇರಲಿಲ್ಲ. ಅದನ್ನು ತಳ್ಳಿದ್ದು ಜೆಟ್ ಎಂಜಿನ್‌ಗಳು.

ನಮ್ಮ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ

ಗೇರ್ ಬಗ್ಗೆ ಇನ್ನೊಂದು ನಂಬಿಕೆ ಹೆಚ್ಚು ಅಪಾಯಕಾರಿ: ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್, ಪೆಟ್ರೋಲ್ ಉಳಿಯುತ್ತದೆ ಎಂಬುದು. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಂತೇಹೋಗುತ್ತದೆ, ಇಳಿಜಾರೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಸುಡುತ್ತಲೇ ಇರಬೇಕು.

ಕಬ್ಬಿನ ಟ್ರ್ಯಾಕ್ಟರಿಗೆ ಇದು ಇನ್ನೂ ಗಂಭೀರ. ಹಲವು ಟ್ರೇಲರುಗಳಿಗೆ ಪ್ರತ್ಯೇಕ ಬ್ರೇಕ್ ಇರುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿನ ಹಿಡಿತ ತಪ್ಪಿ, ಇಡೀ ಲೋಡಿನ ಭಾರ ಟ್ರ್ಯಾಕ್ಟರಿನ ಬ್ರೇಕ್ ಮೇಲೆ ಬೀಳುತ್ತದೆ. ವೇಗ ಏರಿದ ಮೇಲೆ ಮತ್ತೆ ಗೇರಿಗೆ ಹಾಕಲು ಹೋದರೆ ಹಲ್ಲುಗಳು ಕೂಡುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಹಾಗಾಗಿ ಶ್ರೀರಂಗಪಟ್ಟಣದ ಬಳಿ ಅವು ಸಾಗುವುದು ಸರ್ವಿಸ್ ರಸ್ತೆಯಲ್ಲಿ, ಬೈಕು, ಆಟೊಗಳ ನಡುವೆ. ಅಲ್ಲಿ ಹಿಡಿತ ತಪ್ಪಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ನೆನಪಿಡಬೇಕಾದದ್ದು ಇಷ್ಟೇ. ದಿಣ್ಣೆ ಹತ್ತಲು ಯಾವ ಗೇರ್ ಬೇಕೋ, ಇಳಿಯಲೂ ಅದೇ ಗೇರ್. ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ.