ಹಳಿ, ಗೇಜು ಮತ್ತು ನೀರಿನ ರೈಲು

ಕೆಲಸ ಕೆಟ್ಟಾಗ 'ಹಳಿ ತಪ್ಪಿತು' ಎನ್ನುವುದು ಕನ್ನಡದ ವಾಡಿಕೆ. ಕೆಟ್ಟದ್ದು ಸುಸ್ಥಿತಿಗೆ ಮರಳಿದಾಗ 'ರುಳಾವರ ಆಲೆ' ಎನ್ನುವುದು ಮರಾಠಿಯ ವಾಡಿಕೆ. ಈ ಎರಡು ನುಡಿಗಳೂ ಕೇಳಿಬರುವ ಜತ್ತ ಪಟ್ಟಣಕ್ಕೆ ಮಾತ್ರ ರೈಲು ಇಲ್ಲ. ಅದರ ಹೆಸರನ್ನು ಹೊತ್ತ 'ಜತ್ತ ರೋಡ್' ನಿಲ್ದಾಣವು ಮಿರಜ್-ಪಂಢರಪುರ ಮಾರ್ಗದಲ್ಲಿದೆ. ರೈಲುದಾರಿಯ ಮೂಲತತ್ತ್ವಗಳನ್ನು ಅರಿಯಲು ಈ ಮಾರ್ಗದ ಇತಿಹಾಸವೊಂದೇ ಸಾಕು.

ರೈಲುದಾರಿಗೆ ಮುಖ್ಯವಾಗಿ ಮೂರು ಅಂಗಗಳು: ಹಳಿ, ಅದನ್ನು ಹಿಡಿದಿಡುವ ಅಡ್ಡಪಟ್ಟಿ ಅಥವಾ ಸ್ಲೀಪರ್, ಕೆಳಗಿನ ಜಲ್ಲಿ. ಗಾಲಿಯ ಭಾರವು ಹಳಿಯಿಂದ ಸ್ಲೀಪರಿಗೆ, ಸ್ಲೀಪರಿನಿಂದ ಜಲ್ಲಿಗೆ, ಜಲ್ಲಿಯಿಂದ ನೆಲಕ್ಕೆ ಹೆಜ್ಜೆಹೆಜ್ಜೆಗೂ ಹರಡಿಕೊಳ್ಳುತ್ತ ಇಳಿಯುತ್ತದೆ. ಜಲ್ಲಿಯ ಸಂದುಗಳಲ್ಲಿ ಮಳೆನೀರು ಬಸಿದುಹೋಗುವುದರಿಂದ ತಳ ಮೆತ್ತಗಾಗುವುದಿಲ್ಲ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ: 13 ಮೀಟರ್ ಉದ್ದದ ಹಳಿ, ತಾಪ 40 ಡಿಗ್ರಿ ಏರಿದರೆ, ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಹಳಿಯ ಜೋಡಣೆಗಳಲ್ಲಿ ಕಿರಿದಾದ ಅಂತರ ಬಿಡುತ್ತಿದ್ದುದು ಇದಕ್ಕಾಗಿಯೇ.

ಎರಡು ಹಳಿಗಳ ಒಳಮೈಗಳ ನಡುವಣ ಅಂತರವೇ ಗೇಜು. ಭಾರತದಲ್ಲಿ ಬ್ರಾಡ್ ಗೇಜು 1676 ಮಿಲಿಮೀಟರ್, ಮೀಟರ್ ಗೇಜು 1000, ನ್ಯಾರೋ ಗೇಜು 762 ಅಥವಾ 610. ಕಿರಿದಾದ ಗೇಜಿನ ದಾರಿಯು ಕಡಿದಾದ ತಿರುವುಗಳನ್ನು ಸಹಿಸುತ್ತದೆ, ಖರ್ಚೂ ಕಡಿಮೆ. ಆದರೆ ಹೊರುವ ಭಾರವೂ ವೇಗವೂ ಮಿತವಾಗಿರುತ್ತವೆ.

ಈ ಭಾಗದ ದಾರಿಯನ್ನು ಹಾಕಿದ್ದು ಬಾರ್ಸಿ ಲೈಟ್ ರೈಲ್ವೆ. ಇಂಜಿನಿಯರ್ ಎವರಾರ್ಡ್ ಕಾಲ್‌ಥ್ರಾಪ್ 762 ಮಿಲಿಮೀಟರ್ ಗೇಜನ್ನು ಆರಿಸಿಕೊಂಡನು. ಮೊದಲ ಭಾಗ 1897ರಲ್ಲಿ ತೆರೆಯಿತು. ದಾರಿ ಮಿರಜ್ ಮುಟ್ಟಿದ್ದು 1927ರಲ್ಲಿ. ಪ್ರತಿ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂಬುದು ಅವನ ನಿಯಮ. ಆದ್ದರಿಂದಲೇ ಗಜಕ್ಕೆ 30 ಪೌಂಡ್, ಅಂದರೆ ಮೀಟರಿಗೆ ಸುಮಾರು 15 ಕಿಲೋ ತೂಕದ ಹಳಿ ಸಾಕಾಯಿತು. ಇಂದಿನ ಮುಖ್ಯ ಮಾರ್ಗಗಳ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ.

ಗೇಜು ಬದಲಾಗುವೆಡೆ ವ್ಯಾಗನ್ ಮುಂದೆ ಹೋಗದು. ಸರಕನ್ನು ಇಳಿಸಿ ಮತ್ತೆ ಏರಿಸಬೇಕು. ಪುಣೆಯ ಕಡೆಯಿಂದ ಬ್ರಾಡ್ ಗೇಜು ಬಂದ ಮೇಲೆ, ಬೆಳಗಾವಿಯ ಕಡೆಗೆ ಮೀಟರ್ ಗೇಜು, ಪಂಢರಪುರದ ಕಡೆಗೆ ನ್ಯಾರೋ ಗೇಜು ಇದ್ದುದರಿಂದ, ಮಿರಜ್ ಜಂಕ್ಷನ್ನಿನಲ್ಲಿ ಮೂರು ಗೇಜುಗಳೂ ಸಂಧಿಸುತ್ತಿದ್ದವು. ಮುಂದೆ ಈ ದಾರಿಗಳೂ ಬ್ರಾಡ್ ಗೇಜಾದವು.

ಈ ಬದಲಾವಣೆಯ ಬೆಲೆ ತಿಳಿದದ್ದು 2016ರ ಬರಗಾಲದಲ್ಲಿ. ಕುಡಿಯುವ ನೀರಿಲ್ಲದೆ ಬಳಲಿದ ಲಾತೂರಿಗೆ ಏಪ್ರಿಲಿನಲ್ಲಿ ಮಿರಜ್‌ನಿಂದ ಹೊರಟ ಮೊದಲ ರೈಲು, ಹತ್ತು ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರು ಒಯ್ದಿತು. ಆ ಟ್ಯಾಂಕ್ ವ್ಯಾಗನ್‌ಗಳು ಬಂದದ್ದು ರಾಜಸ್ಥಾನದ ಕೋಟಾದಿಂದ. ಒಂದು ವ್ಯಾಗನ್ನಿನ ನೀರೇ 50 ಟನ್. ನಾಲ್ಕು ಅಚ್ಚುಗಳಿಗೆ ಹಂಚಿದರೆ, ವ್ಯಾಗನ್ನಿನ ಸ್ವಂತ ತೂಕವನ್ನು ಬಿಟ್ಟೂ, ಅಚ್ಚಿಗೆ ಹನ್ನೆರಡೂವರೆ ಟನ್. ಹಳೆಯ ದಾರಿಯ ಮಿತಿ 5 ಟನ್ನಷ್ಟೇ! ಗೇಜು ಒಂದಾಗಿರದಿದ್ದರೆ ಕೋಟಾದ ವ್ಯಾಗನ್ ಮಿರಜ್ ದಾಟುತ್ತಿರಲಿಲ್ಲ. ಹಳಿ ಗಟ್ಟಿಯಾಗಿರದಿದ್ದರೆ ಅದು ನೀರು ಹೊರುತ್ತಿರಲಿಲ್ಲ. ಬರವನ್ನು ಬಲ್ಲ ಜತ್ತ ಸೀಮೆಯವರಿಗೆ ಈ ಲೆಕ್ಕದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.